ಗಳಿಗೆ ಬಟ್ಟಲು ಮುಳುಗುವ ಮೊದಲು

ಏನಾಗಿರಬಹುದು, ಊಹಿಸಿ ನೋಡೋಣ ಮಕ್ಕಳೊಂದಿಗರೆ! ಒಂಬತ್ತು ವರ್ಷದ ಹುಡುಗಿ. ಸುತ್ತ ಇಪ್ಪತ್ತು ಜನ ದಾದಿಯರು, ಮುಂದೆ ಬೆಳ್ಳಿ ತಟ್ಟೆ. ಆದರೂ ವರ್ಷದಿಂದ ಬಾಯಲ್ಲಿ ಮಾತಿಲ್ಲ, ಹೊಟ್ಟೆಗೆ ಸರಿಯಾದ ಊಟವಿಲ್ಲ. ನೀವು ಊಹಿಸುತ್ತಿರಿ, ನಾನು ಡಂಗುರದಿಂದ ಶುರು ಮಾಡುತ್ತೇನೆ.

"ಕೇಳ್ರಪ್ಪೋ ಕೇಳಿ! ಹಿರಿಗೆರೆಯ ದೊರೆ ಬೊಮ್ಮರಸರ ಮಗಳು ಪದುಮಲೆ ಮೂರು ಒಗಟು ಹಾಕಿದ್ದಾರೆ! ಬಿಡಿಸಿದವರಿಗೆ ಅವರನ್ನು ಬೆಳೆಸುವ ಭಾರ, ಮೇಲೊಂದು ಊರು ಉಂಬಳಿ! ತಪ್ಪಿದವರಿಗೆ ಶೂಲ!"

ಶೂಲದ ಮಾತು ಹುಡುಗಿಯದಲ್ಲ. ಕಂಡಕಂಡವರು ಬರಬಾರದೆಂದು ದೊರೆಯೇ ಸೇರಿಸಿದ್ದು. ಹಿಂದಿನ ವರ್ಷ ಅವಳ ಅಣ್ಣ ಚಂದರಸ ಅರಮನೆಯ ಕೆರೆಯಲ್ಲಿ ಮುಳುಗಿ ಹೋಗಿದ್ದ. ಅಂದಿನಿಂದ ದೊರೆ ಕೆರೆಯ ಬಾಗಿಲಿಗೆ ಹಲಗೆ ಹೊಡೆಸಿದ, ಓರಗೆಯ ಮಕ್ಕಳನ್ನು ಮನೆಗೆ ಕಳಿಸಿದ, ಮೆಟ್ಟಿಲಿಗೆಲ್ಲ ಜಮಖಾನ ಹಾಸಿಸಿದ. ಮಗಳಿಗೆ ಒಂದು ಗೀರೂ ಆಗಲಿಲ್ಲ, ನಿಜ. ಕಿಟಕಿಯ ಹತ್ತಿರ ಕೂತಿರುತ್ತಿದ್ದಳು, ಅಷ್ಟೆ. ಒಂದು ಬೆಳಿಗ್ಗೆ ತಾನಾಗಿ ಬಂದು, "ಮೂರು ಒಗಟು ಬಿಡಿಸಿದವರ ಜೊತೆ ಮಾತಾಡ್ತೀನಿ" ಎಂದಿದ್ದಳು.

ದೊರೆಯೂ ಮಗಳೂ ಕೂತಿದ್ದ ಸಭೆಯೊಳಗೆ ಒಬ್ಬೊಬ್ಬರನ್ನೇ ಬಿಟ್ಟರು. ಒಂದೊಂದು ಒಗಟಿಗೂ ಒಂದೊಂದು ಗಳಿಗೆ. ಅಡಿಯಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ಕೊಪ್ಪರಿಗೆಯ ನೀರಿನ ಮೇಲೆ ತೇಲಿಬಿಡುವುದು, ಅದು ತುಂಬಿ ಮುಳುಗಿದರೆ ಗಳಿಗೆ ಮುಗಿಯಿತು.

ಮೊದಲು ಬಂದವರು ಅರಮನೆಯ ವೈದ್ಯ ಶೇಷಾಚಾರ್ಯರು. ಹುಡುಗಿ ಕೇಳಿದಳು: "ಇಪ್ಪತ್ತು ಜನ ಸುತ್ತ ನಿಂತು ಕರೆದರೂ ಬಾರದು. ಒಬ್ಬರು ಪಕ್ಕದಲ್ಲಿ ಕೂತರೆ ಕರೆಯದೆಯೂ ಬರುತ್ತೆ. ಏನದು?"

"ನಿದ್ದೆ! ಇಗೋ, ಅದಕ್ಕೊಂದು ಲೇಹ್ಯವೂ ಇದೆ."

ಅವಳು ತಲೆ ಅಲ್ಲಾಡಿಸಿದಳು. ಬಟ್ಟಲು ಮುಳುಗಿತು, ಶೂಲದ ದಿನ ಬರುವವರೆಗೆ ಆಚಾರ್ಯರು ಲೇಹ್ಯದ ಸಮೇತ ಸೆರೆಮನೆಗೆ ಹೋದರು.

ಆಮೇಲೆ ದಳವಾಯಿ ವೀರಣ್ಣ. ಆರು ಮಕ್ಕಳ ತಂದೆ, ಮೊದಲನೆಯದನ್ನು ಹೇಗೋ ದಾಟಿದ. ಎರಡನೆಯದು ಬಂತು: "ಮೈಗೆ ಕಟ್ಟಿದರೆ ನನ್ನನ್ನು ಕಾಪಾಡುತ್ತೆ. ಆದರೆ ಕಟ್ಟುವುದೇ ಒಂದು ದಿನ ಬಿಚ್ಚುವುದಕ್ಕೆ."

"ಕವಚ ಕಣಮ್ಮಾ, ಉಕ್ಕಿನ ಕವಚ!"

"ಕವಚ ತೊಟ್ಟು ಬಿದ್ದರೆ ಬೇಗ ಮುಳುಗ್ತೀವಿ, ದಳವಾಯಿಗಳೇ" ಎಂದಳು ಹುಡುಗಿ. ಬಟ್ಟಲು ಮತ್ತೆ ಮುಳುಗಿತು, ದಳವಾಯಿಯೂ ಸೆರೆಮನೆ ಸೇರಿದ.

ಮೂರನೆಯವನಾಗಿ ಬಂದವನು ಅಂಬಿಗರ ಕೆಂಚ. ಇಪ್ಪತ್ತೆರಡರ ಪ್ರಾಯ, ಹಿಂದೆ ಮುಂದೆ ಯಾರೂ ಇಲ್ಲ. ಹರಿಗೋಲು ಹಾಕುತ್ತ, ಬೇಸಗೆಯಲ್ಲಿ ಊರ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುತ್ತ ಹೊಳೆದಂಡೆಯ ಗುಡಿಸಲಲ್ಲಿ ಒಬ್ಬನೇ ಇದ್ದ.

"ಲೋ, ಕುತ್ತಿಗೆ ತುರಿಸ್ತಿದೆಯೇನೋ?" ಎಂದ ಬಾಗಿಲ ಕಾವಲಿನವನು.

"ಆ ಮಗು ಒಂದೇ ಉಣ್ಣುತ್ತಂತೆ ಕಣಣ್ಣ. ನಾನೂ ಒಬ್ಬನೇ ಉಣ್ಣೋನು. ಅದು ಹೆಂಗಿರುತ್ತೆ ಅಂತ ನಂಗೊತ್ತು."

ಮೊದಲ ಒಗಟು ಕೇಳಿ ಕೆಂಚ ಸುಮ್ಮನೆ ನೆಲದ ಮೇಲೆ ಕೂತ, ಬಗಲ ಗಂಟು ಬಿಚ್ಚಿ ರೊಟ್ಟಿ ಮುರಿದ. ನಡೆದು ಬಂದವನಲ್ಲವೆ, ಹಸಿದಿದ್ದ. ಹುಡುಗಿ ನೋಡಿದಳು, ಹತ್ತಿರ ಸರಿದಳು, ಕೈ ಚಾಚಿದಳು. ಒಂದಿಡೀ ರೊಟ್ಟಿ ಖಾಲಿ! ದಾದಿಯರು ಬಾಯಿ ಬಿಟ್ಟುಕೊಂಡು ನಿಂತರು.

"ಹಸಿವು, ಅಮ್ಮಣ್ಣೀ" ಎಂದ.

ಎರಡನೆಯದಕ್ಕೆ ಅವನು ನಕ್ಕೇಬಿಟ್ಟ. "ಇದು ನನ್ನ ಕಸುಬೇ. ಒಣ ಸೋರೆಬುರುಡೆ! ಮಕ್ಕಳ ಬೆನ್ನಿಗೆ ಕಟ್ಟಿ ನೀರಿಗೆ ಬಿಡ್ತೀವಿ. ಅವಸರ ಮಾಡಿ ಬಿಚ್ಚಿದರೆ ಮುಳುಗ್ತಾರೆ, ಬಿಚ್ಚದೇ ಇದ್ದರೆ ಈಜು ಬರಲ್ಲ. ಬಿಚ್ಚಿದ ಮೇಲೂ ನಾನು ಪಕ್ಕದಲ್ಲೇ ಇರ್ತೀನಿ."

ದೊರೆಯ ಮುಖ ಬಾಡಿತು. ಈಜು ಕಲಿಯುತ್ತೇನೆಂದು ಚಂದರಸ ಅಂಥದ್ದೇ ಬುರುಡೆ ಹಿಡಿದು ಬಂದಿದ್ದ. ಅರಸುಮಕ್ಕಳು ನೀರಿಗಿಳಿಯಬಾರದೆಂದು ದೊರೆ ಗದರಿ ಕಳಿಸಿದ್ದ. ಆ ಬುರುಡೆ ಇನ್ನೂ ಮಗನ ಕೋಣೆಯ ಗೂಟದಲ್ಲಿ ನೇತಾಡುತ್ತಿತ್ತು.

"ಮೂರನೆಯದು" ಎಂದಳು ಹುಡುಗಿ, ದನಿ ತಗ್ಗಿಸಿ. "ನನ್ನೊಳಗೊಂದು ಕಲ್ಲಿದೆ. ವೈದ್ಯರ ಕೈಗೆ ಸಿಗಲ್ಲ. ಒಂದೇ ಒಂದು ಮಾತಿಗೆ ಕರಗುತ್ತೆ. ಆ ಮಾತು ಯಾವುದು?"

ಕೆಂಚನಿಗೆ ತಿಳಿಯಲಿಲ್ಲ. ಪಾಪ, ತಿಳಿಯುವುದಾದರೂ ಹೇಗೆ! ಬಟ್ಟಲು ಅರ್ಧ ತುಂಬಿತು, ಮುಕ್ಕಾಲು ತುಂಬಿತು. ಶೂಲದ ನೆನಪಾಯಿತು. ದಿಕ್ಕು ತೋಚದೆ ಹುಡುಗಿಯ ಕಡೆ ನೋಡಿದ. ಅವಳು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಬಟ್ಟಲಿಗೆ ಬೆನ್ನು ಹಾಕಿ ನಡುಗುತ್ತಿದ್ದಳು. ಅವಳೆದುರು ಎರಡು ಸಲ ಬಟ್ಟಲು ಮುಳುಗಿತ್ತು. ಆ ಮುಖ ನೋಡಿದವರು ಒಬ್ಬರಿಲ್ಲ, ಎಲ್ಲರ ಕಣ್ಣೂ ಬಟ್ಟಲ ಮೇಲೆ.

ಕೆಂಚ ಒಗಟನ್ನೂ ಮರೆತ, ಶೂಲವನ್ನೂ ಮರೆತ. ನೀರಿಗೆ ಕೈ ಹಾಕಿ ಬಟ್ಟಲನ್ನು ಎತ್ತಿಬಿಟ್ಟ.

"ಏನಾಯ್ತು ಮಗಾ?" ಎಂದ.

ಹುಡುಗಿ ಬಿಕ್ಕಿದಳು. "ಅಣ್ಣ ಪಾಚಿ ಮೆಟ್ಟಿಲಲ್ಲಿ ಜಾರಿದ. ನಾನು ಓಡಿಬಂದು ಕೂಗಿದೆ. ಸಭೆ ನಡೀತಿದೆ, ಕೂಗಬೇಡ ಅಂತ ಬಾಯಿ ಮುಚ್ಚಿಸಿದರು. ನಾನೂ ಸುಮ್ಮನಾದೆ. ನಾನು ಸುಮ್ಮನಾದೆ..."

"ಬಟ್ಟಲು ಮುಟ್ಟಿದ, ತಪ್ಪಿದ!" ಎಂದು ಗಳಿಗೆಯವನು ಕೂಗಿದ.

"ತಪ್ಪಿಲ್ಲ!" ಎಂದಳು ಪದುಮಲೆ. "ಆ ಮಾತು ಅದೇ. ಒಂದು ವರ್ಷದಿಂದ ಯಾರೂ ಕೇಳಿರಲಿಲ್ಲ."

ದೊರೆ ಸಿಂಹಾಸನ ಇಳಿದು ಬಂದು ರೊಟ್ಟಿಚೂರಿನ ನಡುವೆ ಕೂತ. ಮಗಳನ್ನು ತೊಡೆಗೆ ಎಳೆದುಕೊಂಡು ಕಣ್ಣೊರೆಸಿದ. ಆಮೇಲೆ, "ಸುಮ್ಮನಿರಿಸಿದ್ದು ನಾವು ಕಂದಾ, ತಪ್ಪು ನಿನ್ನದಲ್ಲ" ಎಂದ.

ಕೆಂಚನಿಗೆ ಉಂಬಳಿ ಸಿಕ್ಕಿತು. "ಇನ್ನೇನು ಬೇಕು?" ಎಂದರೆ, "ಒಳಗಿರೋ ಇಬ್ಬರನ್ನೂ ಬಿಡಿ ಬುದ್ಧೀ. ಕೆರೆ ಬಾಗಿಲು ತೆಗೆಸಿ, ಮೆಟ್ಟಿಲ ಪಾಚಿ ಉಜ್ಜಿಸಿ. ಓರಗೆಯ ಮಕ್ಕಳು ವಾಪಸು ಬರಲಿ" ಎಂದ. ದಿನಾ ಮಧ್ಯಾಹ್ನ ಹುಡುಗಿ, ದೊರೆ, ಅಂಬಿಗ ಒಟ್ಟಿಗೆ ಉಂಡರು. ಪಕ್ಕದಲ್ಲಿ ನಾಲ್ಕನೆಯ ಎಲೆಯೊಂದನ್ನು ಖಾಲಿ ಹಾಕುತ್ತಿದ್ದರು. ಅದು ಕೊನೆಯವರೆಗೂ ಖಾಲಿಯೇ ಉಳಿಯಿತು. ಅಣ್ಣನ ಬುರುಡೆ ಕಟ್ಟಿಕೊಂಡೇ ಪದುಮಲೆ ಈಜು ಕಲಿತಳು. ಅದನ್ನು ಬಿಚ್ಚಿದ ದಿನ ದೊರೆ ಕಣ್ಣು ಮುಚ್ಚದೆ ದಡದಲ್ಲಿ ನಿಂತಿದ್ದ.

ಮೊದಲಲ್ಲಿ ನಿಮಗೆ ಊಹಿಸಿ ಎಂದೆನಲ್ಲ, ಅದು ನನ್ನದೇ ತಪ್ಪು. ಮಕ್ಕಳ ವಿಷಯದಲ್ಲಿ ಊಹಿಸುತ್ತ ಕೂರಬಾರದು, ಪಕ್ಕದಲ್ಲಿ ಕೂತು ಕೇಳಬೇಕು. ಮುಂದೆ ಪಟ್ಟಕ್ಕೆ ಬಂದ ಪದುಮಲೆ, ತನ್ನನ್ನು ಒಬ್ಬರು ಕೇಳಿದ ಆ ದಿನವನ್ನು ಅಣ್ಣ ಜಾರಿದ ಮೆಟ್ಟಿಲ ಮೇಲೆಯೇ ಕೆತ್ತಿಸಿದಳು: ವೈಶಾಖ ಬಹುಳ ಸಪ್ತಮಿ, ಸೋಮವಾರ.