ರಸ ನಿನ್ನದು, ಸಿಪ್ಪೆ ಯಾರದು?

ನಿಂಬೆಹಣ್ಣಿನ ಸಂತೆ ನಡೆಯುವ ಒಂದು ಊರು. ಆ ಊರಿನ ಪೇಟೆಯಲ್ಲಿ ಭೌರವ್ವ ಅಂತ ಒಬ್ಬಾಕೆ ಶರಬತ್ತಿನ ಅಂಗಡಿ ಇಟ್ಟಿದ್ದಳು. ಕೈ ಬಲು ರುಚಿ, ಬಾಯಿ ಮಾತ್ರ ತುಸು ಹುಳಿ. ದಿನಾ ಬುಟ್ಟಿಗಟ್ಟಲೆ ಹಣ್ಣು ಹಿಂಡುತ್ತಿದ್ದಳು. ರಸ ಸೀಸೆಗೆ, ಸಿಪ್ಪೆ ಹಿತ್ತಲಿಗೆ. ಹಿತ್ತಲಲ್ಲಿ ಸಿಪ್ಪೆಯ ಗುಡ್ಡ, ಗುಡ್ಡದ ಮೇಲೆ ನೊಣದ ದಂಡು. ದನದ ಮುಂದೆ ಹಾಕಿದರೆ ದನವೂ ಮೂಸಿ ಮುಖ ತಿರುವುತ್ತಿತ್ತು.

ಪಕ್ಕದ ಮನೆಯ ಕಾಶವ್ವ ಒಂದು ದಿನ ಖಾಲಿ ಬುಟ್ಟಿ ಹಿಡಿದು ಬಂದಳು.

"ಯಕ್ಕಾ, ಈ ಸಿಪ್ಪಿ ನಾ ಒಯ್ಯಲೇನು?"

ಭೌರವ್ವ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಒಯ್ಯಿ, ಒಯ್ಯಿ. ಬೇಕಾದ್ರ ನೊಣಾನೂ ಒಯ್ಯಿ. ಪೀಡಾ ಹೋತು!"

ಈ ಮಾತು ನೆನಪಿಟ್ಟುಕೊಳ್ಳಿ ಮಕ್ಕಳೇ.

ಕಾಶವ್ವ ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿದಳು. ಕಹಿ ಬಿಡುವ ತನಕ ಆ ನೀರು ಚೆಲ್ಲಿದಳು, ಬೇರೆ ನೀರು ಹಾಕಿದಳು. ಹಿಂಡಿ, ಮಾಳಿಗೆಯ ಮೇಲೆ ಒಣಗಿಸಿ, ಬೀಸಿ, ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿದಳು. ಅಕ್ಕಿಹಿಟ್ಟಿನಂಥ ಪುಡಿ ಆಯಿತು. ಅದರ ಗುಣ ಏನಪ್ಪಾ ಅಂದರೆ, ನೀರು ಕಂಡರೆ ಅಪ್ಪಿಕೊಂಡು ಕೂತುಬಿಡುತ್ತದೆ, ಬಿಡುವುದೇ ಇಲ್ಲ. ಒಂದು ಲೋಟ ನೀರಿಗೆ ಒಂದಿಷ್ಟು ಹಾಕಿ ಕಲಕಿದರೆ ಅಂಬಲಿ ಹಾಗೆ ಗಟ್ಟಿ. ಚಪಾತಿ ಹಿಟ್ಟಿಗೆ ಚಿಟಿಕೆ ಬೆರೆಸಿದರೆ ಚಪಾತಿ ಮರುದಿನವೂ ಮೆತ್ತಗೆ.

ಆ ಪೇಟೆಯಲ್ಲಿ ದಸ್ತಗೀರಸಾಬ ಅಂತ ಬೇಕರಿಯವನಿದ್ದ. ಅವನ ಬನ್ನು ಬೆಳಿಗ್ಗೆ ಬನ್ನು, ಸಂಜೆ ಕಲ್ಲು. ಕಾಶವ್ವನ ಪುಡಿ ಹಾಕಿ ನೋಡಿದ. ಸಂಜೆಗೂ ಬನ್ನು ಹತ್ತಿಯ ಹಾಗೆ! ಬಂದವರಿಗೆಲ್ಲ ಅವನು ಹೇಳಿದ್ದೇ ಹೇಳಿದ್ದು: "ನನ್ನದೇನೂ ಇಲ್ರಿ, ಎಲ್ಲಾ ಕಾಶವ್ವನ ಪುಡಿ ಮಹಿಮಾ."

ಮಾತು ಹರಡುತ್ತಾ ಹರಡುತ್ತಾ ಬಂದರಿನ ತನಕ ಹೋಯಿತು. ಅಲ್ಲಿಂದ ಒಬ್ಬ ವ್ಯಾಪಾರಿ ಕಾರಿನಲ್ಲಿ ಬಂದ. ಪುಡಿಯನ್ನು ಅಂಗೈ ಮೇಲೆ ಉಜ್ಜಿ ನೋಡಿದ, ಮೂಸಿದ, ನಾಲಿಗೆಗೆ ಹಚ್ಚಿದ.

"ಅಮ್ಮಾ, ಸಮುದ್ರದಾಚೆ ಇದನ್ನು ಮೂಟೆಗಟ್ಟಲೆ ಕೊಳ್ಳುತ್ತಾರೆ" ಅಂದ. "ಬ್ರೆಡ್ಡಿಗೆ, ಜಾಮಿಗೆ, ಐಸ್‌ಕ್ರೀಮಿಗೆ. ಅಲ್ಲಿಯ ಜನ ಪೊಟ್ಟಣದ ಹಿಂದೆ ಬರೆದದ್ದನ್ನು ಓದಿಯೇ ಕೊಳ್ಳುವುದು. ಔಷಧಿಯಂಥ ಹೆಸರು ಕಂಡರೆ ಕೆಳಗಿಡುತ್ತಾರೆ, ಹಣ್ಣಿನ ಹೆಸರು ಕಂಡರೆ ಚೀಲಕ್ಕೆ ಹಾಕುತ್ತಾರೆ. ಈಗ ಸ್ವಲ್ಪ ಮಾದರಿ ಒಯ್ತೇನೆ. ಎಲ್ಲ ಸರಿ ಬಂದರೆ ಮುಂದಿನ ತಿಂಗಳು ಸಂತೆಯ ದಿನ ಬರ್ತೇನೆ. ಆವಾಗ ಹಣ್ಣು ಎಲ್ಲಿಯದು ಅಂತಲೂ ನೋಡಬೇಕು ನನಗೆ."

ಕಾರು ಭೌರವ್ವನ ಅಂಗಡಿಯ ಮುಂದೆಯೇ ಹೋಯಿತು. ನಿಲ್ಲಲಿಲ್ಲ. ಅದರ ಧೂಳು ಬಂದು ಅವಳ ಶರಬತ್ತಿನ ಗ್ಲಾಸುಗಳ ಮೇಲೆ ಕೂತಿತು.

ಅವತ್ತು ಹತ್ತಿತು ನೋಡಿ, ಭೌರವ್ವನ ಹೊಟ್ಟೆಗೆ ಕಿಚ್ಚು.

"ನನ್ನ ಹಿತ್ತಲದ ಹೊಲಸು, ಆಕೀಗೆ ಹಡಗು!"

ಕಾಶವ್ವ ಹೊಸ ಸೀರೆ ಒಣಹಾಕಿದರೆ ಆ ಬಣ್ಣ ಇವಳ ಕಣ್ಣಿಗೆ ಮೆಣಸಿನಪುಡಿ. ಕಾಶವ್ವ ನಕ್ಕರೆ "ಹಲ್ಲು ತೋರಸ್ತಾಳ", ನಗದಿದ್ದರೆ "ಸೊಕ್ಕು ನೋಡು". ಒಂದು ದಿನ ಕದ್ದು ಬನ್ನು ತರಿಸಿದಳು. ಬೆರಳಿನಿಂದ ಒತ್ತಿದಳು. ಅದು ತಗ್ಗಿ, ಮತ್ತೆ ಮೆಲ್ಲಗೆ ಉಬ್ಬಿತು. ಮತ್ತೆ ಒತ್ತಿದಳು. ಮತ್ತೆ ಉಬ್ಬಿತು. ಬನ್ನು ಮೆತ್ತಗಾದಷ್ಟೂ ಭೌರವ್ವನಿಗೆ ಸಿಟ್ಟು ಗಟ್ಟಿ.

ಸಿಪ್ಪೆ ಕೊಡುವುದನ್ನು ನಿಲ್ಲಿಸಿ ನೋಡಿದಳು. ಹಿತ್ತಲಲ್ಲಿ ಗುಡ್ಡ ಮತ್ತೆ ಬೆಳೆಯಿತು, ಕೊಳೆಯಿತು, ನೊಣ ಗ್ಲಾಸಿಗೆ ಬಂದು ಬಿತ್ತು, ಗಿರಾಕಿ ಮೂಗು ಮುಚ್ಚಿಕೊಂಡರು. ಕಡೆಗೆ ತಾನೇ ಕರೆಯಬೇಕಾಯಿತು: "ಒಯ್ಯವ್ವಾ, ಒಯ್ಯಿ." ಕೊಟ್ಟರೆ ಉರಿ, ಕೊಡದಿದ್ದರೆ ನಾತ. ಹೊಟ್ಟೆಕಿಚ್ಚಿನವರ ಪಾಡೇ ಇಷ್ಟು.

ವ್ಯಾಪಾರಿ ಬರುವ ಸಂತೆ ಹತ್ತಿರವಾಯಿತು. ಸಂತೆಯ ಹಿಂದಿನ ದಿನ ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ಡಬ್ಬಿ ಸಾಲಾಗಿಟ್ಟು ಕೂತಿದ್ದರು. ಭೌರವ್ವ ಸೆರಗು ಬಾಯಿಗಿಟ್ಟುಕೊಂಡು ಮೆಲ್ಲಗೆ ಶುರುಮಾಡಿದಳು. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಜೋರಾಗಿಯೇ ಕೂಗಿ ಹೇಳಿದಳು.

"ಕಾಶವ್ವಗ ಇಷ್ಟೊಂದು ಸಿಪ್ಪಿ ಎಲ್ಲಿಂದ ಬರ್ತಾವ ಅಂತ ಯಾರರ ವಿಚಾರ ಮಾಡೀರೇನು? ಅಮಾಸಿ ಮರುದಿನ ಮೂರು ದಾರಿ ಕೂಡಿದಲ್ಲಿ ಬಗ್ಗಿ ಬಗ್ಗಿ ಏನು ಆರಸ್ತಾಳ ಆಕಿ?"

ಅಷ್ಟೇ. ಮುಂದಿನದನ್ನು ಹೇಳುವ ಕೆಲಸವೇ ಬೀಳಲಿಲ್ಲ. ದೃಷ್ಟಿ ತೆಗೆದು ಕೂಡುದಾರಿಗೆ ಎಸೆದ ನಿಂಬೆಹಣ್ಣನ್ನು ನಮ್ಮ ಜನ ದಾಟಲಿಕ್ಕೇ ಅಂಜುತ್ತಾರೆ. ಅದನ್ನು ಪುಡಿಮಾಡಿ ಬನ್ನಿಗೆ ಹಾಕುವುದೆಂದರೆ!

ಸಂಜೆಯಾಗುವಷ್ಟರಲ್ಲಿ ಬನ್ನಿನೊಳಗೆ ಕುಂಕುಮ ಕಂಡವರಿದ್ದರು. ಒಬ್ಬಳ ಮಗುವಿಗೆ ಬಿಕ್ಕಳಿಕೆ ಹತ್ತಿತು, ಬನ್ನಿನಿಂದಲೇ. ಇನ್ನೊಬ್ಬಳ ಎಮ್ಮೆ ಹಾಲು ಕೊಡಲಿಲ್ಲ, ಅದೂ ಬನ್ನಿನಿಂದಲೇ. ಎಮ್ಮೆ ಬನ್ನು ಯಾವಾಗ ತಿಂದಿತು ಅಂತ ಯಾರೂ ಕೇಳಲಿಲ್ಲ.

ದಸ್ತಗೀರಸಾಬ ಪುಡಿಯ ಚೀಲ ಹೊತ್ತು ಕಾಶವ್ವನ ಮನೆಗೆ ಬಂದ.

"ಕಾಶವ್ವಾ, ನಿನ್ನ ಮ್ಯಾಲ ನನಗ ಸಂಶಯ ಇಲ್ಲ. ಆದ್ರ ಊರ ಬಾಯಿ ನಾ ಹೆಂಗ ಹೊಲೀಲಿ?"

ಕಾಶವ್ವ ಚೀಲ ಒಳಗಿಟ್ಟಳು. ನಾಳೆ ಆ ವ್ಯಾಪಾರಿಯ ಕಿವಿಗೆ ಈ ಮಾತು ಬಿದ್ದರೆ ಕಾರು ತಿರುಗಿಸಿಕೊಂಡು ಹೋಗುತ್ತಾನೆ, ಇಷ್ಟು ದಿನದ ದುಡಿಮೆ ಮಾಳಿಗೆ ಮೇಲಿನ ಧೂಳು. ಯಾರ ಬಾಯಿಂದ ಹೊರಟಿತು ಅನ್ನುವುದೂ ಅವಳಿಗೆ ತಿಳಿಯಿತು. ಪಕ್ಕದ ಕಿಟಕಿಯಲ್ಲಿ ಭೌರವ್ವನ ಸೆರಗು ಸರಕ್ಕನೆ ಸರಿದದ್ದನ್ನು ಅವಳು ಕಂಡಿದ್ದಳು. ದೃಷ್ಟಿ ಹಣ್ಣಿನಲ್ಲಿರಲಿಲ್ಲ ಮಕ್ಕಳೇ, ಆ ಕಿಟಕಿಯಲ್ಲಿತ್ತು. ಕಾಶವ್ವ ಜಗಳಕ್ಕೆ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತಳು. ಪಕ್ಕದ ಮನೆಯಲ್ಲಿ ಭೌರವ್ವ ಎರಡು ತುತ್ತು ಹೆಚ್ಚಿಗೆ ಉಂಡಳು.

ಮರುದಿನ ಸಂತೆ. ಬಿಸಿಲು ಅಂದರೆ ಬಿಸಿಲು. ಭೌರವ್ವ ಸೀಸೆಗಳನ್ನೆಲ್ಲ ತುಂಬಿ, ಗ್ಲಾಸು ತೊಳೆದು, ಹೂ ಮುಡಿದು ಕೂತಳು. ಜನ ಬಂದರು. ಗ್ಲಾಸಿನ ಕಡೆ ನೋಡಿದರು. ಮುಂದೆ ಹೋದರು.

ಮತ್ತೊಂದು ಗುಂಪು ಬಂತು. ನೋಡಿತು. ಹೋಯಿತು.

ದಿನಾ ಕುಡಿಯುವ ಮಲಕಾರಿ ಮುತ್ಯಾನೂ ಕೋಲೂರಿಕೊಂಡು ದಾಟಿಹೋಗುತ್ತಿದ್ದ. ಭೌರವ್ವ ತಡೆಯಲಾರದೆ ಕೂಗಿದಳು.

"ಮುತ್ಯಾ! ಬಾಯಾರಿಲ್ಲೇನು ಇವತ್ತ?"

ಮುದುಕ ನಿಂತ. "ಬಾಯೇನೋ ಆರೇತವ್ವಾ. ಆದ್ರ ಒಂದು ವಿಚಾರ ಬಂತು."

"ಏನದು ಅಂಥಾ ವಿಚಾರ?"

"ಕಾಶವ್ವ ದಿನಾ ಬುಟ್ಟಿ ತುಂಬ್ಕೊಂಡು ಹೊರಗ ಬರೂದು ನಿನ್ನ ಹಿತ್ತಲದಿಂದ. ಕಣ್ಣಿದ್ದವರೆಲ್ಲಾ ಕಂಡೀವಿ. ಆ ಸಿಪ್ಪಿ ದೃಷ್ಟಿ ಹಣ್ಣಿಂದು ಅಂತ ಊರೆಲ್ಲಾ ಅಂತೈತಿ. ಸಿಪ್ಪಿ ದೃಷ್ಟಿದಾದ್ರ, ರಸ ಯಾವ ಹಣ್ಣಿಂದು ಭೌರವ್ವಾ?"

ಹಿಂಡಲು ಎತ್ತಿಕೊಂಡಿದ್ದ ಹಣ್ಣು ಅವಳ ಕೈಯಿಂದ ಜಾರಿ ಉರುಳಿಕೊಂಡು ರಸ್ತೆಗೆ ಬಂತು. ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಆ ಹಣ್ಣನ್ನೂ ಯಾರೂ ದಾಟಲಿಲ್ಲ.

ಅದೇ ಹೊತ್ತಿಗೆ ವ್ಯಾಪಾರಿಯ ಕಾರು ಬಂದು ಗುಂಪಿನ ಹಿಂದೆ ನಿಂತಿತು.

"ನನ್ನ ಹಣ್ಣು ಸಂತಿ ಹಣ್ಣು ಮುತ್ಯಾ!" ಭೌರವ್ವ ಹಣ್ಣಿನ ಬುಟ್ಟಿ ಎತ್ತಿ ತೋರಿಸಿದಳು. "ಒಂದೊಂದನ್ನೂ ನಾನ ಆರಿಸಿ ತರ್ತೀನಿ. ದೇವರಾಣಿ!"

"ಹಂಗಾದ್ರ ಕಾಶವ್ವನ ಸಿಪ್ಪೀನೂ ಸಂತಿ ಹಣ್ಣಿಂದ ಆತಲ್ಲ?"

ಈಗ ನೋಡಿ ಭೌರವ್ವನ ಗತಿ. ಅಲ್ಲ ಅಂದರೆ ಅಂಗಡಿ ಮುಚ್ಚಬೇಕು. ಹೌದು ಅಂದರೆ ಕಾಶವ್ವನ ಮೂಟೆ ಹಡಗು ಹತ್ತುತ್ತದೆ. ಅವಳ ಕಣ್ಣು ಕಾರಿನ ಕಡೆ ಹೋಯಿತು. ತುಂಬಿಟ್ಟ ಸೀಸೆಗಳ ಕಡೆ ಹೋಯಿತು. ಅಷ್ಟಾದರೂ ಒಳಗಿನ ಕಿಚ್ಚು ಹೇಳುತ್ತಿತ್ತು, ಸುಮ್ಮನಿರು, ನೀ ಕೆಟ್ಟರೂ ಚಿಂತೆಯಿಲ್ಲ, ಆಕೆ ಕೆಡಲಿ ಅಂತ! ಇಂಥದು ಮಕ್ಕಳೇ, ಈ ಹೊಟ್ಟೆಕಿಚ್ಚು.

"ಹೌದು" ಅಂದಳು ಕಡೆಗೆ. ನಿಂಬೆಬೀಜ ಗಂಟಲಿಗೆ ಸಿಕ್ಕವರ ಹಾಗೆ.

"ಜೋರಾಗಿ ಹೇಳ ಯಕ್ಕಾ" ಅಂದಳು ಗುಂಪಿನಿಂದ ಒಬ್ಬ ಹೆಂಗಸು. "ಗಿರಣ್ಯಾಗ ಛಲೋ ಕೇಳಿಸಿತ್ತು ನಿನ್ನ ದನಿ."

ಎಲ್ಲರೂ ನಕ್ಕರು. ಭೌರವ್ವನ ಮುಖ ಕೆಂಪಾಯಿತು. ಎದ್ದು ನಿಂತು ಹೇಳಿದಳು. "ಸಿಪ್ಪಿ ನನ್ನ ಅಂಗಡಿದು. ಹಣ್ಣು ಸಂತಿದು. ಕೂಡುದಾರಿ ಮಾತು ನಾ ಕಟ್ಟಿದ್ದು. ಆಕಿ ಎಂದೂ ಅಂಥಾದು ಮುಟ್ಟಿದಾಕಿ ಅಲ್ಲ."

ಆದರೂ ಯಾರೂ ಗ್ಲಾಸಿಗೆ ಕೈಹಾಕಲಿಲ್ಲ. ಹೊರಟ ಮಾತು ಅಷ್ಟು ಬೇಗ ಮನೆಗೆ ವಾಪಸು ಬರುತ್ತದೆಯೇ?

ಆಗ ಕಾಶವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅತ್ತು ಅತ್ತು ಕಣ್ಣು ಬಾತಿತ್ತು. ರಸ್ತೆಯಲ್ಲಿ ಬಿದ್ದಿದ್ದ ಹಣ್ಣನ್ನು ಬಗ್ಗಿ ಎತ್ತಿ, ತೊಳೆದು, ಭೌರವ್ವನ ಮುಂದೆ ಇಟ್ಟಳು.

"ಇದನ್ನ ಹಿಂಡಿ ಒಂದು ಗ್ಲಾಸ್ ಕೊಡು ಯಕ್ಕಾ. ಉಪ್ಪು ತುಸು ಕಡಿಮಿ ಹಾಕು. ರಾತ್ರಿಯಿಂದ ಉಪ್ಪುನೀರ ಕುಡದೀನಿ."

ಭೌರವ್ವ ಹಣ್ಣು ಕೊಯ್ದಳು. ಹಿಂಡಿ ಕೊಟ್ಟಳು. ಕಾಶವ್ವ ಎಲ್ಲರೆದುರು ಒಂದೇ ಉಸಿರಿಗೆ ಕುಡಿದಳು. ಹಿಂಡಿದ ಸಿಪ್ಪೆಯನ್ನು ಎತ್ತಿ ತನ್ನ ಉಡಿಯಲ್ಲಿ ಹಾಕಿಕೊಂಡಳು.

"ರಸ ನಿಂದು, ಸಿಪ್ಪಿ ನಂದು. ಹಣ್ಣು ಒಂದ."

ಮಲಕಾರಿ ಮುತ್ಯಾ ಕೋಲು ಬಗಲಿಗಿಟ್ಟು ಕೈ ಚಾಚಿದ. "ನನಗೂ ಒಂದು ಕೊಡವ್ವಾ, ನಾಲಿಗಿ ಒಣಗೇತಿ." ಆಮೇಲೆ ಗ್ಲಾಸು ಸಾಲಲಿಲ್ಲ.

ವ್ಯಾಪಾರಿ ನಗುತ್ತಾ ಹತ್ತಿರ ಬಂದ. "ಹಣ್ಣು ಎಲ್ಲಿಯದು ಅಂತ ಕೇಳಲಿಕ್ಕೇ ಬಂದವ ನಾನು. ನಾನು ಕೇಳುವ ಮೊದಲೇ ಅಂಗಡಿಯ ಯಜಮಾನಿ ದೇವರಾಣೆ ಹಾಕಿ ಹೇಳಿದರಲ್ಲ!" ಅಂದವನೇ ಕಾಶವ್ವನ ಮನೆಯ ಕಡೆ ನಡೆದ. ಹೊರಡುವ ಮೊದಲು ಅವನೂ ಒಂದು ಗ್ಲಾಸು ಕುಡಿದ ಅನ್ನಿ.

ಈಗ ಆ ಊರಿಂದ ಪುಡಿಯ ಮೂಟೆ ಬಂದರಿಗೆ ಹೋಗುತ್ತದೆ. ಮೂಟೆ ಹೊರಡುವಾಗ ಭೌರವ್ವ ಹೊಸ್ತಿಲಲ್ಲಿ ನಿಂತು ನೋಡುತ್ತಾಳೆ. ಹೊಟ್ಟೆ ಇನ್ನೂ ಒಂದು ಸಲ ಚುರ್ ಅನ್ನುತ್ತದಂತೆ. ಕೆಂಡ ಅಷ್ಟು ಸುಲಭಕ್ಕೆ ಆರುವುದಿಲ್ಲ, ಬೂದಿ ಮುಚ್ಚಿಕೊಂಡಿರುತ್ತದೆ. ಆದರೆ ಕಾಶವ್ವ ಬಂದಾಗ ಕೊಳೆತದ್ದನ್ನು ಆರಿಸಿ ತೆಗೆದು, ಸಿಪ್ಪೆಯ ಬುಟ್ಟಿಯನ್ನು ತಾನೇ ಅವಳ ತಲೆಯ ಮೇಲೆ ಎತ್ತಿ ಇಡುತ್ತಾಳೆ. ಇಟ್ಟು, "ಪೀಡಾ ಹೋತು" ಅನ್ನುತ್ತಾಳೆ. ಸಿಪ್ಪೆಗೆ ಅಂದಳೋ, ಹೊಟ್ಟೆಯೊಳಗಿದ್ದದ್ದಕ್ಕೆ ಅಂದಳೋ, ಅವಳೇ ಬಲ್ಲಳು.

ನೀತಿ: ಪಕ್ಕದವರ ಏಳಿಗೆ ಕಂಡು ಕಣ್ಣು ಉರಿದರೆ ಕಣ್ಣಿಗೆ ನೀರು ಹಾಕಿಕೊಳ್ಳಿ, ಬಾಯಿ ಮಾತ್ರ ತೆರೆಯಬೇಡಿ. ಅವರ ಸಿಪ್ಪೆಗೆ ಮಸಿ ಬಳಿಯಲು ಹೋದರೆ ನಿಮ್ಮ ರಸವೇ ಕಪ್ಪಾಗುತ್ತದೆ.