ಇರುವೆಹಕ್ಕಿ ಬೆನ್ನಿನ ಬಿಳುಪನ್ನು ಮುಚ್ಚಿಕೊಂಡದ್ದು

ಲೋಕ ಇನ್ನೂ ಹೊಸದಾಗಿತ್ತು. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲ. ಸಮುದ್ರದಾಚೆಯ ಬಿಸಿನಾಡಿನ ತಗ್ಗುಕಾಡಿನಲ್ಲಿ ಪುಟ್ಟ ಕಂದು ಹಕ್ಕಿಯೊಬ್ಬಳು ಇದ್ದಳು. ಅವಳ ಬೆನ್ನ ಮೇಲೊಂದು ಬಿಳಿ ಮಚ್ಚೆ, ಎಲ್ಲರಿಗೂ ಕಾಣುವಂತೆ.

ಆ ಕಾಡಿನ ಇರುವೆಗಳು ಒಂದೆಡೆ ನಿಲ್ಲುವವಲ್ಲ. ಬಿಳಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ದಂಡು ಕಟ್ಟಿ ನಡೆಯುತ್ತಿದ್ದವು. ದಂಡು ಬಂತೆಂದರೆ ಮಿಡತೆ, ಜಿರಲೆಗಳು ಎದ್ದು ಓಡುತ್ತಿದ್ದವು. ಸಿಕ್ಕಿದ್ದು ಇರುವೆಗೆ, ತಪ್ಪಿಸಿಕೊಂಡದ್ದು ಹಕ್ಕಿಗೆ. ಹಾಗೆಂದು ಮಾತಾಗಿತ್ತು. ಹಕ್ಕಿ ಇರುವೆಗಳ ನಡುವೆಯೇ ಕುಪ್ಪಳಿಸಿ ತಿನ್ನುತ್ತಿದ್ದಳು.

ಒಂದು ಬೆಳಿಗ್ಗೆ ದಂಡು ನಿಂತುಬಿಟ್ಟಿತು.

"ನಮ್ಮದೊಂದು ಮರಿ ಕಾಣುತ್ತಿಲ್ಲ," ಎಂದಳು ಇರುವೆಗಳ ಹಿರಿಯಕ್ಕ. "ನಿನ್ನ ಬೆನ್ನ ಮೇಲೇನೋ ಬೆಳ್ಳಗಿದೆಯಲ್ಲ?"

"ಅದು ನನ್ನ ಗರಿ, ಹಿರಿಯಕ್ಕ. ದಿನಾ ನೋಡ್ತೀರಲ್ಲ."

"ನಮ್ಮ ಕಣ್ಣು ಮಂದ. ಬಿಳುಪು ಕಾಣುತ್ತದೆ, ಏನೆಂದು ಕಾಣದು. ಮುಟ್ಟಿದರೇ ನಂಬಿಕೆ."

ಕಡ್ಡಿಯ ಮೇಲಿದ್ದ ಹಕ್ಕಿಯ ಗಂಡ ಕೂಗಿದ: "ಬೇಡ ಕಣೇ. ಒಬ್ಬಳು ಹತ್ತಿದರೆ ದಂಡೇ ಹತ್ತುತ್ತದೆ. ಹಾರಿ ಬಾ."

"ಹಾರಲಿ," ಎಂದಳು ಹಿರಿಯಕ್ಕ ಮೆಲ್ಲಗೆ. "ಕದ್ದವರೇ ಹಾರುವುದು. ನಿಮ್ಮ ಗೂಡು ಆ ಪೊದೆಯಲ್ಲಿ, ನೆಲಕ್ಕೆ ಹತ್ತಿರವೇ ಇದೆ, ಅಲ್ಲವೇ?"

ಗೂಡಿನಲ್ಲಿ ಮೊಟ್ಟೆಗಳಿದ್ದವು. ಹಕ್ಕಿ ಹಾರಲಿಲ್ಲ.

"ಒಬ್ಬಳೇ ಬರಲಿ," ಎಂದು ಬಗ್ಗಿ ಕೂತಳು. ಕಣ್ಣು ಮಾತ್ರ ಹಿಂದೆ ನಿಂತ ಇರುವೆಗಳ ಮೇಲೇ ಇತ್ತು.

ಕಳೆದುಹೋದ ಮರಿಯನ್ನು ಸಾಕುತ್ತಿದ್ದ ಇರುವೆ ಹತ್ತಿದಳು. ಮೀಸೆಯಿಂದ ಬಿಳುಪನ್ನು ಮುಟ್ಟಿದಳು. ಮತ್ತೆ ಮುಟ್ಟಿದಳು.

"ಎಷ್ಟು ಹೊತ್ತೇ? ಏನದು?" ಎಂದಳು ಹಿರಿಯಕ್ಕ ಕೆಳಗಿನಿಂದ.

"ಗರಿ," ಎಂದಳು. ಆದರೆ ಇಳಿಯಲಿಲ್ಲ. ಹಕ್ಕಿಗಷ್ಟೇ ಕೇಳುವಂತೆ, "ಬೆಚ್ಚಗಿದೆ. ನನ್ನ ಮರಿಯೇ ಆಗಿರಲಿ ಅಂತ ಹತ್ತಿದ್ದೆ," ಎಂದಳು. ಇನ್ನೊಮ್ಮೆ ಮುಟ್ಟಿ ಇಳಿದಳು.

ದಂಡು ಪೊದೆಯನ್ನು ಬಿಟ್ಟು ಸಾಗಿತು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಆ ಮರಿ ಸಿಗಲೂ ಇಲ್ಲ.

"ನಾಳೆ ಇನ್ನೊಂದು ದಂಡು ಬರುತ್ತದೆ. ಅವರೂ ನಿನ್ನನ್ನೇ ಕೇಳುತ್ತಾರೆ," ಎಂದ ಗಂಡ.

"ಕೇಳುವುದು ಇರಲಿ. ಇದನ್ನು ನೋಡಿ ಇನ್ಯಾರೂ ಹಾಗೆ ಆಸೆಪಡಬಾರದು," ಎಂದು ಹಕ್ಕಿ ಕಂದು ಗರಿಗಳನ್ನು ಬಿಳುಪಿನ ಮೇಲೆ ಎಳೆದುಕೊಂಡಳು. ಗಂಡನೂ ತನ್ನ ಬೆನ್ನ ಬಿಳುಪನ್ನು ಮುಚ್ಚಿಕೊಂಡ. ಇರುವೆಗಳ ನಡುವೆ ಮಾತ್ರ ಅವರು ಮತ್ತೆ ಕಾಲಿಡಲಿಲ್ಲ. ಅಷ್ಟು ನಂಬಿಕೆ ಉಳಿದಿರಲಿಲ್ಲ.

ಇಂದಿಗೂ ಆ ಕಾಡಿನಲ್ಲಿ ಇರುವೆದಂಡು ಬಂದಾಗ ಇರುವೆಹಕ್ಕಿ ನೆಟ್ಟಗೆ ನಿಂತ ಕಡ್ಡಿಯೊಂದನ್ನು ಪಕ್ಕದಿಂದ ಕಾಲಲ್ಲಿ ಹಿಡಿದು, ನೆಲದಿಂದ ತುಸುವೇ ಮೇಲೆ, ಕೆಳಗೆ ದಿಟ್ಟಿಸುತ್ತ ಕೂತಿರುತ್ತದೆ. ಬೆನ್ನ ಬಿಳುಪು ಗರಿಗಳಡಿ ಇರುತ್ತದೆ, ಹಕ್ಕಿಗೆ ಭಯವಾದಾಗ ಮಾತ್ರ ತೆರೆದುಕೊಳ್ಳುತ್ತದೆ.