ಕೆಂಪು ದಾರದ ಕೊಂಬೆ

“ಒಬ್ಬನ ಮೇಲೆ ಅನುಮಾನ ಬಂದರೆ, ಅವನಿಗೆ ತಿಳಿಯದ ಹಾಗೆ ಅವನನ್ನು ಪರೀಕ್ಷೆ ಮಾಡುವುದು ತಪ್ಪೇ, ಗುರುಗಳೇ?”

ಕೇಳಿದವನು ರೇವಯ್ಯ. ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಹೊಸದಾಗಿ ಬಂದ ಅಡುಗೆಯವನ ಮೇಲೆ ಅವನು ಒಂದು ತಿಂಗಳಿಂದ ಕಣ್ಣಿಟ್ಟಿದ್ದ.

ಗುರುಗಳು ಎದುರಿನ ಚಾಪೆ ತೋರಿಸಿದರು.

“ಕೂತುಕೋ,” ಎಂದರು. “ಬಡಗು ದೇಶದ ಒಂದು ನಗರದಲ್ಲಿ ನಡೆದದ್ದು ಹೇಳುತ್ತೇನೆ. ಸುಳ್ಳು ಅನಿಸಿದರೆ ನಡುವೆ ಬಾಯಿ ಹಾಕಬೇಡ. ಕೊನೆಗೆ ಹೇಳು.”

ಆ ನಗರ ಇದ್ದದ್ದು ಹುಲ್ಲಿನ ಬಯಲಿನಲ್ಲಿ. ಬಯಲೆಂದರೆ ಎಂಥ ಬಯಲು! ಒಂದು ಊರಿನಲ್ಲಿ ದೀಪ ಹಚ್ಚಿದರೆ ಮುಂದಿನ ಊರಿನವರು ಅದರ ಬೆಳಕಿನಲ್ಲೇ ಊಟ ಮುಗಿಸುತ್ತಿದ್ದರು. ಚಳಿಗಾಲ ಆರು ತಿಂಗಳು. ಹಸು ಕರೆದರೆ ಹಾಲು ತಂಬಿಗೆ ಮುಟ್ಟುವ ಮೊದಲೇ ಕೋಲಾಗಿ ನಿಲ್ಲುತ್ತಿತ್ತು. ಹೆಂಗಸರು ಅದನ್ನು ಸೌದೆಯ ಹಾಗೆ ಹೊರೆ ಕಟ್ಟಿ ಮನೆಗೆ ಒಯ್ಯುತ್ತಿದ್ದರು. ಬೀದಿಯಲ್ಲಿ ಹರಟೆಗೆ ನಿಂತವನ ನೆರಳು ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಅದನ್ನು ಕಿತ್ತುಕೊಂಡೇ ಮನೆಗೆ ಹೋಗಬೇಕು.

ಅಂಥ ನೆಲದಲ್ಲಿ ಮರ ತಾನಾಗಿ ಹುಟ್ಟುವುದಿಲ್ಲ. ಇದ್ದ ಮರಗಳೆಲ್ಲ ಯಾರೋ ನೆಟ್ಟು, ನೀರೆರೆದು, ಕಾದು ಬೆಳೆಸಿದವು. ಅದಕ್ಕೇ ಅಲ್ಲಿ ಮರಕ್ಕೊಂದು ಕಟ್ಟಳೆ ಇತ್ತು: ಬೇಸಿಗೆಯಲ್ಲಿ ಕೊಂಬೆ ಕಡಿಯಬಾರದು. ಕಡಿದರೆ ಹಸಿ ಗಾಯದ ವಾಸನೆ ಹಿಡಿದು ತೊಗಟೆ ಕೊರೆಯುವ ಹುಳು ಬರುತ್ತದೆ. ಅದು ತರುವ ರೋಗಕ್ಕೆ ಮೊದಲು ಆ ಮರ ಒಣಗುತ್ತದೆ, ಆಮೇಲೆ ಇಡೀ ಬೀದಿ.

ಹೀಗಾಗಿ ಮರ ಸವರುವವರು ವರ್ಷಕ್ಕೆ ಎರಡು ಸಾರಿ ಬರುತ್ತಿದ್ದರು. ಬೇಸಿಗೆಯಲ್ಲಿ ಮರ ನೋಡಲು. ಹುಳುಗಳೆಲ್ಲ ಸತ್ತಂತೆ ಮಲಗಿರುವ ಕಡುಚಳಿಯಲ್ಲಿ ಕೊಂಬೆ ಕಡಿಯಲು. ನಮ್ಮ ಕಾಫಿ ತೋಟದವರು ಮರಗಸಿ ಎನ್ನುತ್ತಾರಲ್ಲ, ಅದೇ ಕೆಲಸ. ಕಡಿದ ಕಟ್ಟಿಗೆ ಸವರಿದವನಿಗೆ. ಅವನ ಕೂಲಿಯೂ ಅದೇ.

ಆ ನಗರದಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಅವನಿಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಮೊದಲು ಹೇಳಿದವನು ಅವನೇ. ನೇಯ್ದವನ ಎದುರಿಗೆ ಒಂದು ಸಾರಿ ಕಂಬಳಿ ಅಳೆಯುತ್ತಿದ್ದ. ಅವನು ಹೋದ ಮೇಲೆ ಇನ್ನೊಂದು ಸಾರಿ ಅಳೆಯುತ್ತಿದ್ದ, ಅಷ್ಟರಲ್ಲಿ ಕಂಬಳಿ ಚಿಕ್ಕದಾಗಿದ್ದರೆ ಎಂದು. ಮನೆಯ ಬೆಕ್ಕು ಹಾಲು ಕುಡಿಯದೆ ಹೋದರೆ, ಇದಕ್ಕೆ ಬೇರೆ ಯಾವುದೋ ಮನೆಯ ಸಂಬಂಧವಿದೆ ಎಂದು ಅದರ ಹಿಂದೆ ಹೋಗಿ ನೋಡಿ ಬರುತ್ತಿದ್ದ.

ಅವನ ಮನೆಯ ಮುಂದೆ ಒಂದು ದೊಡ್ಡ ಮರ. ಅವನ ತಾಯಿ ನೆಟ್ಟದ್ದು.

ಒಂದು ಬೇಸಿಗೆಯಲ್ಲಿ ಮರ ಸವರುವವನೊಬ್ಬ ಏಣಿ ಹೊತ್ತು ಬಂದ. ಮರವನ್ನು ಮೂರು ಸುತ್ತು ಸುತ್ತಿ ಮೇಲೆ ನೋಡಿದ. ಏಣಿ ಇಟ್ಟು ಹತ್ತಿ, ಒಂದು ಕೊಂಬೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಅದಕ್ಕೊಂದು ಕೆಂಪು ದಾರ ಕಟ್ಟಿ ಇಳಿದ.

“ಚಳಿ ಬಿದ್ದ ಮೇಲೆ ಬರುತ್ತೇನೆ ಸಾಹುಕಾರ್ರೇ. ದಾರ ಹಾಗೇ ಇರಲಿ.”

ಅವನು ಬೀದಿಯ ತಿರುವು ದಾಟುವ ತನಕ ಕಾದು ವ್ಯಾಪಾರಿ ಮರದ ಕೆಳಗೆ ಬಂದ. ದಾರ ಕಟ್ಟಿದ್ದ ಕೊಂಬೆ ತೊಲೆಯಷ್ಟು ದಪ್ಪ, ಮೈತುಂಬ ಹಸಿರು. ಪಕ್ಕದಲ್ಲೇ ಅಷ್ಟೇ ಎತ್ತರದಲ್ಲಿ ಇನ್ನೊಂದು ಕೊಂಬೆ. ಅದರಲ್ಲಿ ಹೆಸರಿಗೊಂದು ಎಲೆ ಇಲ್ಲ. ಅದಕ್ಕೆ ದಾರವೂ ಇಲ್ಲ.

ಅವನು ಒಳಗೆ ಹೋಗಿ ಹೆಂಡತಿಯನ್ನು ಕರೆದ.

“ನೋಡಿದೆಯಾ ಕಳ್ಳನನ್ನು? ಒಣಗಿದ್ದನ್ನು ಬಿಟ್ಟು ಹಸಿರು ಕೊಂಬೆಗೆ ಗುರುತು ಹಾಕಿ ಹೋದ.”

“ಮರದ ಕೆಲಸ ಅವನಿಗೆ ಗೊತ್ತಿರುತ್ತದೆ, ಬಿಡಿ.”

“ಗೊತ್ತಿರುವುದೇ ಕಷ್ಟ! ಚಳಿಗಾಲದಲ್ಲಿ ಯಾವ ಕೊಂಬೆಯಲ್ಲೂ ಎಲೆ ಇರುವುದಿಲ್ಲ. ಆಗ ಬಂದು, ಇದು ಒಣಗಿದ್ದು ಸಾಹುಕಾರ್ರೇ ಎಂದು ಕಡಿದು ಗಾಡಿಗೆ ಹಾಕಿದರೆ ಅಲ್ಲ ಎನ್ನುವವರು ಯಾರು? ಅದಕ್ಕೇ ಈಗ ಬಂದು ಆರಿಸಿಟ್ಟು ಹೋಗಿದ್ದಾನೆ.”

“ಕಳ್ಳ ಸಿಗದ ದಿನ ನಿಮಗೆ ಊಟ ಸೇರುವುದಿಲ್ಲ,” ಎಂದು ಅವಳು ಒಲೆಯ ಕಡೆ ತಿರುಗಿದಳು.

ವ್ಯಾಪಾರಿ ಯೋಚಿಸಿದ. ಅವನನ್ನು ಓಡಿಸಿಬಿಡುವುದು ಸುಲಭ. ಆದರೆ ಓಡಿಸಿದರೆ ಅವನು ಕಳ್ಳನೆಂದು ಊರಿಗೆ ತಿಳಿಯುವುದು ಹೇಗೆ? ಮರುದಿನ ಏಣಿ ತರಿಸಿ ತಾನೇ ಹತ್ತಿದ. ಹಸಿರು ಕೊಂಬೆಯ ದಾರ ಬಿಚ್ಚಿದ. ಒಣ ಕೊಂಬೆಗೆ ಕಟ್ಟಿದ. ಹೊರೆ ಕಟ್ಟಿ ಕಟ್ಟಿ ಪಳಗಿದ ಕೈ; ಗಂಟು ಎಳೆಯಷ್ಟೂ ಬೇರೆಯಾಗಲಿಲ್ಲ. ಕಟ್ಟಿದವನೇ ಬಂದು ನೋಡಿದರೂ ತನ್ನದೇ ಎನ್ನಬೇಕು, ಹಾಗೆ.

ಅವನ ಲೆಕ್ಕಾಚಾರ ಇಷ್ಟು. ಬಂದವನು ಪ್ರಾಮಾಣಿಕನಾದರೆ ಒಣ ಕೊಂಬೆಯನ್ನು ಸುಮ್ಮನೆ ಕಡಿದು ಹೋಗುತ್ತಾನೆ. ಕಳ್ಳನಾದರೆ ತನ್ನ ದಪ್ಪ ಕೊಂಬೆ ಎಲ್ಲಿ ಹೋಯಿತೆಂದು ಕಣ್ಣು ಕಣ್ಣು ಬಿಡುತ್ತಾನೆ. ಆ ಮುಖವನ್ನು ನೋಡಬೇಕು, ನಾಲ್ಕು ಜನಕ್ಕೆ ತೋರಿಸಬೇಕು.

ಅಂದಿನಿಂದ ಅವನಿಗೆ ಬೇರೆ ಕೆಲಸ ರುಚಿಸಲಿಲ್ಲ. ಬೀದಿಯಲ್ಲಿ ಸವರುವವನು ಎದುರಾಗಿ ಕೈ ಮುಗಿದರೆ, ಇಷ್ಟು ವಿನಯ ಯಾಕೆ ಎಂದುಕೊಂಡ. ಇನ್ನೊಂದು ದಿನ ಅವನು ನೋಡದೆ ಹೋದರೆ, ಮುಖ ತಪ್ಪಿಸುತ್ತಿದ್ದಾನೆ ಎಂದುಕೊಂಡ. ಎಲೆ ಉದುರಿದವು. ಹಿಮ ಬಿತ್ತು. ಎರಡು ಕೊಂಬೆಗಳೂ ಒಂದೇ ತಾಯಿಯ ಮಕ್ಕಳಂತೆ ಬೋಳಾಗಿ ನಿಂತವು.

ಒಂದು ಮಧ್ಯಾಹ್ನ ಸವರುವವನು ಹಗ್ಗ, ಗರಗಸ ತಂದ; ಹಿಮದಲ್ಲಿ ಏಣಿ ನಿಲ್ಲುವುದಿಲ್ಲ. ವ್ಯಾಪಾರಿ ನೆರೆಯವರಿಬ್ಬರನ್ನು ಕೂಗಿ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ.

“ಕಳ್ಳನ ಮುಖ ಹೇಗಿರುತ್ತದೆ ನೋಡಿ,” ಎಂದು ಅವರ ಕಿವಿಯಲ್ಲಿ ಹೇಳಿದ.

ಸವರುವವನು ಕತ್ತೆತ್ತಿ ದಾರವನ್ನು ಹುಡುಕಿದ. ಕಂಡಿತು. ಕಣ್ಣು ಅತ್ತಿತ್ತ ಹೋಗಲಿಲ್ಲ. ಆ ಬೇಸಿಗೆಯಲ್ಲಿ ಅವನು ನೂರಾರು ಮರಗಳಿಗೆ ದಾರ ಕಟ್ಟಿದ್ದ. ಯಾವ ಮರದ ಯಾವ ಕೊಂಬೆ ಎಂದು ನೆನಪಿಡುವ ಕೆಲಸವನ್ನು ದಾರಕ್ಕೇ ಬಿಟ್ಟಿದ್ದ. ಹಗ್ಗದ ತುದಿಗೆ ಮರಳಿನ ಚೀಲ ಕಟ್ಟಿ ಬೀಸಿ, ದಾರದ ಕೊಂಬೆಯ ಮೇಲೆ ಹಾಯಿಸಿದ. ಎರಡು ಸಾರಿ ಜಗ್ಗಿದ. ಆ ಚಳಿಗೆ ಒಣಗಿದ ಕಟ್ಟಿಗೆಯೂ ಕಲ್ಲಿನಂತೆ ನಿಂತಿತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹತ್ತತೊಡಗಿದ.

ವ್ಯಾಪಾರಿಗೆ ನಿರಾಸೆಯಾಯಿತು. ಪಕ್ಕಾ ಕಳ್ಳ, ಮುಖದಲ್ಲಿ ತೋರಿಸಿಕೊಳ್ಳುತ್ತಿಲ್ಲ ಎಂದುಕೊಂಡ. ಕೆಣಕಿ ನೋಡಿದ.

“ಏನಯ್ಯಾ, ದಾರ ಕಟ್ಟಿದ ಕಡೆಯೇ ಇದೆಯಾ?”

“ಕಟ್ಟಿದವನು ನಾನು. ಅದು ಎಲ್ಲಿಗೆ ಹೋಗುತ್ತದೆ ಸಾಹುಕಾರ್ರೇ?”

“ಹಾಗಾದರೆ ಮೊದಲು ಆ ಕೊಂಬೆಯನ್ನೇ ಕಡಿ.”

ಎರಡಾಳು ಎತ್ತರದಲ್ಲಿ ನೇತಾಡುತ್ತ ಸವರುವವನು ನಕ್ಕ.

“ಒಳ್ಳೆಯ ಮಾತು! ಇದನ್ನು ಕಡಿದರೆ ನಾನು ಆಕಾಶಕ್ಕೆ ನೇತುಬೀಳಲೇ? ಒಣಗಿದ್ದು ಯಾವುದೆಂದು ಮೇಲೆ ಹೋದ ಮೇಲೆ ತೊಗಟೆ ಕೆರೆದು ನೋಡಿದರೆ ತಿಳಿಯುತ್ತದೆ. ನನ್ನನ್ನು ಹೊರುವುದು ಯಾವುದೆಂದು ಹೋಗುವ ಮೊದಲೇ ತಿಳಿದಿರಬೇಕಲ್ಲ! ಅದಕ್ಕೇ ಎಲೆ ಇರುವಾಗ ಬಂದು ಗಟ್ಟಿ ಕೊಂಬೆ ನೋಡಿ ದಾರ ಕಟ್ಟುವುದು.”

ಹಾಗೆಂದು ಅವನು ಇನ್ನೊಂದು ಮೊಳ ಮೇಲೆ ಹೋದ.

ವ್ಯಾಪಾರಿ ತಾನು ಕಟ್ಟಿದ ದಾರವನ್ನು ನೋಡಿದ. ಈಗ ಕೂಗಬೇಕು. ಕೂಗಿದರೆ, ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ತಾನೇ ಕರೆದು ನಿಲ್ಲಿಸಿಕೊಂಡ ಇಬ್ಬರು ಪಕ್ಕದಲ್ಲಿದ್ದಾರೆ. ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಸವರುವವನ ಕೈ ಒಂದು ಸಾರಿ ಮೇಲೆ ಹೋಯಿತು. ವ್ಯಾಪಾರಿ ಕೂಗಲಿಲ್ಲ. ಎರಡನೆಯ ಸಾರಿ ಹೋಯಿತು. ಕೂಗಲಿಲ್ಲ. ಮೂರನೆಯ ಸಾರಿ ಕೈ ಮೇಲೆ ಹೋದಾಗ ಕೊಂಬೆ ಕಿರುಗುಟ್ಟಿತು.

“ಹಗ್ಗ ಬಿಡು! ಬೊಡ್ಡೆ ತಬ್ಬಿಕೋ!”

ಸವರುವವನು ಯಾಕೆ ಏನು ಎಂದು ಕೇಳಲಿಲ್ಲ. ಸೊಂಟದ ಬಿಗಿ ಸಡಿಲಿಸಿ ಬೊಡ್ಡೆಗೆ ಹಾರಿ ತಬ್ಬಿಕೊಂಡ. ಕೊಂಬೆ ಅವನ ಬೆನ್ನ ಹಿಂದೆಯೇ ಮುರಿದು ಹಗ್ಗದ ಸಮೇತ ಕೆಳಗೆ ಬಿತ್ತು. ಅವನು ಬೊಡ್ಡೆಯುದ್ದಕ್ಕೂ ಜಾರಿ ಬಂದು ಹಿಮದಲ್ಲಿ ಕುಸಿದ. ಅಂಗೈಗಳ ಚರ್ಮ ಮರದಲ್ಲೇ ಉಳಿಯಿತು. ಎಡಗಾಲು ಮುರಿಯಿತು. ಜೀವ ಉಳಿಯಿತು.

“ನಿಮಗೆ ಹೇಗೆ ತಿಳಿಯಿತು ಸಾಹುಕಾರ್ರೇ?” ಎಂದು ಅವನು ಮಲಗಿದಲ್ಲಿಂದಲೇ ಕೇಳಿದ.

ವ್ಯಾಪಾರಿ ಬಾಯಿ ತೆರೆದ. ಅಷ್ಟರಲ್ಲಿ ನೆರೆಯವನು ಉತ್ತರ ಕೊಟ್ಟಾಗಿತ್ತು.

“ಇವರ ಕಣ್ಣು ತಪ್ಪಿಸಿ ಏನು ನಡೆಯುತ್ತದೆ ಮಾರಾಯ! ನಿನ್ನ ಪುಣ್ಯ, ಇವರು ಇಲ್ಲಿದ್ದರು.”

ವ್ಯಾಪಾರಿ ತೆರೆದ ಬಾಯಿಯನ್ನು ಮುಚ್ಚಿದ.

ಸವರುವವನು ರಕ್ತದ ಕೈಗಳಿಂದ ಅವನ ಪಾದ ಮುಟ್ಟಿದ. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಕೊಂಬೆಯನ್ನೂ ಅದರ ಮೇಲಿನ ದಾರದ ಗಂಟನ್ನೂ ಬಹಳ ಹೊತ್ತು ನೋಡಿದ.

ಊರು ವ್ಯಾಪಾರಿಯನ್ನು ಹೊಗಳಿತು. ಅಂಗಡಿಗೆ ಬಂದವರು ಅವನ ಕಣ್ಣುಗಳನ್ನೇ ನೋಡುತ್ತಿದ್ದರು. ಅವನಿಗೆ ಮಾತ್ರ ಒಂದೇ ಚಿಂತೆ: ಆ ಗಂಟನ್ನು ಅವನು ಅಷ್ಟು ಹೊತ್ತು ಯಾಕೆ ನೋಡಿದ?

ಮುಂದಿನ ಬೇಸಿಗೆಯಲ್ಲಿ ಸವರುವವನು ಕುಂಟುತ್ತ ಬಂದ. ಬೀದಿಯ ಪ್ರತಿಯೊಂದು ಮರಕ್ಕೂ ಕೆಂಪು ದಾರ ಕಟ್ಟಿದ. ವ್ಯಾಪಾರಿಯ ಮರಕ್ಕೆ ಕಟ್ಟಲಿಲ್ಲ. ನಮಸ್ಕಾರ ಹೇಳಿ ಮುಂದೆ ಹೋದ. ಕಡುಚಳಿಯಲ್ಲಿ ಹಗ್ಗ ಹೊತ್ತು ಬಂದು ಬರಿಯ ಮರದ ಕೆಳಗೆ ನಿಂತ.

“ನೀವೇ ತೋರಿಸಿ ಸಾಹುಕಾರ್ರೇ. ನನ್ನನ್ನು ಹೊರುವುದು ಯಾವುದು?”

ವ್ಯಾಪಾರಿ ಅವನ ಮುಖ ನೋಡಿದ. ನಂಬಿಕೆಯಿಂದ ಕೇಳುತ್ತಿದ್ದಾನೆಯೇ, ಚುಚ್ಚುತ್ತಿದ್ದಾನೆಯೇ? ಮುಖದಲ್ಲಿ ನಗೆಯಿಲ್ಲ, ಸಿಟ್ಟಿಲ್ಲ. ವ್ಯಾಪಾರಿ ಬೆರಳು ಚಾಚಿ ಒಂದು ಕೊಂಬೆ ತೋರಿಸಿದ. ಸವರುವವನು ಹಗ್ಗ ಹಾಯಿಸಿದ. ಒಂದು ಸಾರಿಯೂ ಜಗ್ಗಿ ನೋಡದೆ ಹತ್ತಿದ. ಅವನು ಇಳಿಯುವ ತನಕ ವ್ಯಾಪಾರಿ ಮರದ ಕೆಳಗಿಂದ ಕದಲಲಿಲ್ಲ.

ಅದು ಪ್ರತಿವರ್ಷದ ಪಾಡಾಯಿತು. ಬೇಸಿಗೆ ಬಂತೆಂದರೆ ವ್ಯಾಪಾರಿ ಅಂಗಡಿ ಬಿಟ್ಟು ಏಣಿ ಹತ್ತುತ್ತಿದ್ದ. ಯಾವ ಕೊಂಬೆಯ ಎಲೆ ಮಂಕಾಗಿದೆ, ಯಾವುದರ ತೊಗಟೆ ಬಿರಿದಿದೆ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಇತ್ತ ನೇಕಾರರು ಗೇಣು ಕಡಿಮೆ ಕಂಬಳಿ ಕೊಟ್ಟು ಹೋದರೂ ಅಳೆಯುವವರಿರಲಿಲ್ಲ.

“ಕಂಬಳಿ ಬಿಟ್ಟು ಈಗ ಎಲೆ ಅಳೆಯಲು ಹಿಡಿದಿರಾ?” ಎಂದು ಹೆಂಡತಿ ಕೆಳಗಿನಿಂದ ಕೂಗುತ್ತಿದ್ದಳು. ಅವನು ಇಳಿಯುತ್ತಿರಲಿಲ್ಲ. ಹನ್ನೊಂದು ಚಳಿಗಾಲ ಅವನು ಬೆರಳು ತೋರಿಸಿದ. ಹನ್ನೊಂದು ಚಳಿಗಾಲವೂ ಸವರುವವನು ಆ ಬೆರಳನ್ನು ನೋಡಿಯೇ ಮರ ಹತ್ತಿದ.

ಗುರುಗಳು ನಿಲ್ಲಿಸಿದರು. ರೇವಯ್ಯ ಮುಂದಕ್ಕೆ ಬಾಗಿದ.

“ದಾರ ಬದಲಿಸಿದ್ದು ಸವರುವವನಿಗೆ ಗೊತ್ತಿತ್ತೇ, ಗುರುಗಳೇ?”

“ಸಾಯುವ ತನಕ ವ್ಯಾಪಾರಿಯೂ ಅದನ್ನೇ ಯೋಚಿಸಿದನಪ್ಪ; ಸವರುವವನನ್ನು ಮಾತ್ರ ಕೇಳಲಿಲ್ಲ.”